ಎರಡನೆಯ ಚೀಟಿ

“ಯಾರ ಬಾಯಿಂದ ಸಂಖ್ಯೆ ಬಂತೋ ಅವರು ಆಚೆ,” ಎಂದರು ಪ್ರೊಫೆಸರ್ ಓರ್ಟ್‌ವಿನ್ ಹಾಸೆಲ್‌ಬ್ರಿಂಗ್. ಕರಗುವ ಬಿಂದು ನೋಡಲು ಕೂತಾಗಲೆಲ್ಲ ಮೂವತ್ತು ವರ್ಷಗಳಿಂದ ಅವರು ಹೇಳುತ್ತ ಬಂದ ಮಾತು ಇದು. ಈ ಶನಿವಾರ ಬೆಳಿಗ್ಗೆಯೂ ಹೇಳಿದರು.

ಬರ್ನರ್ ಹಚ್ಚುತ್ತಿದ್ದ ಸಹಾಯಕ ಲುಟ್‌ಮನ್ ನಕ್ಕ. “ನಾನು ಬೆಳಿಗ್ಗೆಯಿಂದ ಬ್ರೆಡ್ಡಿಗೂ ಬಾಯಿ ತೆಗೆದಿಲ್ಲ, ಹೆರ್ ಪ್ರೊಫೆಸರ್.”

“ಹಾಗಾದ್ರೆ ಹೋಗಿ ತೆಗೀರಿ. ಓದೋಕೆ ಇಬ್ಬರು ಸಾಕು.”

ಲುಟ್‌ಮನ್ ಹೋದ. ಉಳಿದವಳು ಡಾಕ್ಟರ್ ಇರ್ಮೆಲಾ ಫೋಗ್ಟ್‌ಹೆರ್. ಅವಳು ಸ್ಟೂಲು ಎಳೆದುಕೊಂಡು ಎಣ್ಣೆ ತುಂಬಿದ ಸಣ್ಣ ಗಾಜಿನ ಬುರುಡೆಯ ಮುಂದೆ ಕೂತಳು. ಎಣ್ಣೆಯೊಳಗೆ ಥರ್ಮಾಮೀಟರು, ಅದಕ್ಕೆ ಅಂಟಿಕೊಂಡಂತೆ ಸೂಜಿಯಷ್ಟು ಸಪೂರದ ಮೂರು ನಳಿಗೆ. ಎಡದ್ದರಲ್ಲಿ ಹಾಸೆಲ್‌ಬ್ರಿಂಗ್ ಕಾಡುಬೇರಿನಿಂದ ತೆಗೆದಿದ್ದ ಕಹಿಸತ್ವ. ಬಲದ್ದರಲ್ಲಿ ಇರ್ಮೆಲಾ ನಾಲ್ಕು ವರ್ಷ ಬೆವರು ಸುರಿಸಿ, ಬೇರಿಲ್ಲದೆ, ಬೇರೆ ರಾಸಾಯನಿಕಗಳಿಂದ ಕೈಯಾರೆ ಕಟ್ಟಿದ ಕಹಿಸತ್ವ, ಪ್ರೊಫೆಸರರು ಬರೆದಿಟ್ಟ ಅಣುರಚನೆಯಂತೆಯೇ. ಬೇರೆಬೇರೆಯಾಗಿ ಎರಡೂ ಹೆಚ್ಚುಕಡಿಮೆ ನೂರ ಅರವತ್ತಮೂರು ಡಿಗ್ರಿಗೆ ಕರಗುತ್ತಿದ್ದವು. ನಡುವಿನದರಲ್ಲಿ ಎರಡನ್ನೂ ಅರೆದು ಬೆರೆಸಿದ ಪುಡಿ. ಎರಡೂ ಒಂದೇ ವಸ್ತುವಾದರೆ ಬೆರಕೆಯೂ ಅಷ್ಟೇ ಬಿಸಿಗೆ ಕರಗಬೇಕು. ಬೇರೆಯಾದರೆ ಅದಕ್ಕಿಂತ ಎಷ್ಟೋ ಮೊದಲೇ ನೀರಾಗುತ್ತದೆ. ಹಾಗಾದರೆ ರಚನೆಯೇ ತಪ್ಪು.

ಆ ರಚನೆ ಹಾಸೆಲ್‌ಬ್ರಿಂಗ್ ಅವರ ಇಡೀ ಬದುಕು. ಡೆಟ್‌ಮೋಲ್ಡ್‌ನ ಔಷಧದಂಗಡಿಯವನ ಮಗ, ಮೊದಲ ಮಹಾಯುದ್ಧದಿಂದ ಒಂದು ಬೆರಳು ಕಳಕೊಂಡು ಬಂದು, ಐದು ವರ್ಷ ಮಣಗಟ್ಟಲೆ ಬೇರು ಬೇಯಿಸಿ, ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರಲ್ಲಿ ಅದನ್ನು ಪ್ರಕಟಿಸಿದ್ದರು. ಅದರಿಂದ ಪ್ರಾಧ್ಯಾಪಕ ಪೀಠ ಸಿಕ್ಕಿತು, ಪದಕ ಸಿಕ್ಕಿತು, ಪಠ್ಯಪುಸ್ತಕಗಳಲ್ಲಿ ಚಿತ್ರ ಬಂತು. ನಲವತ್ತನಾಲ್ಕರಲ್ಲಿ ಬಾಂಬು ಬಿದ್ದು ಚಾವಣಿ ಹೊತ್ತಿಕೊಂಡಾಗ ಅವರು ಕೋಟು ಬಿಟ್ಟು ಕಹಿಸತ್ವದ ಹರಳಿನ ಸೀಸೆ ಎತ್ತಿಕೊಂಡು ಓಡಿದ್ದರು. “ಇವರಿಗೆ ನನ್ನ ನೆನಪು ಬಂದಿದ್ದು ಬೀದಿ ಮುಟ್ಟಿದ ಮೇಲೆ,” ಎಂದು ಹೆಂಡತಿ ಗೆಸೀನೆ ಈಗಲೂ ಬಂದವರ ಮುಂದೆ ಹಂಗಿಸುತ್ತಾಳೆ. ಅದು ಸುಳ್ಳೇನಲ್ಲ.

ಗೆಸೀನೆಗೆ ಮಾತ್ರ ಗೊತ್ತಿದ್ದ ಇನ್ನೊಂದು ವಿಷಯವಿತ್ತು. ಪ್ರೊಫೆಸರರ ಕಣ್ಣಿನ ನಡುಭಾಗ ಹೋಗಿತ್ತು. ಅಂಚಿನಲ್ಲಿ ಬಾಗಿಲು, ಕಿಟಕಿ, ಜನ ಎಲ್ಲ ಕಾಣುತ್ತಿದ್ದವು. ಯಾವುದನ್ನು ನೋಡಬೇಕೆಂದು ದಿಟ್ಟಿಸಿದರೋ ಅದರ ಮೇಲೆ ಬೂದಿ ಬಣ್ಣದ ಮಚ್ಚೆ ಕೂರುತ್ತಿತ್ತು. ಉಪನ್ಯಾಸ ಬಾಯಿಪಾಠ, ಮೊಗಸಾಲೆಯ ಮೆಟ್ಟಿಲು ಕಾಲಿಗೆ ಪಾಠ. ಹಾಗಾಗಿ ಯಾರಿಗೂ ಸುಳಿವು ಹತ್ತಿರಲಿಲ್ಲ. ನಿವೃತ್ತಿಗೆ ಮೂರೇ ವರ್ಷ. ಹೇಗೋ ತಳ್ಳಿದರಾಯಿತು ಎಂದುಕೊಂಡಿದ್ದರು.

ಇರ್ಮೆಲಾ ಬೆರಳಿನಿಂದ ಮೇಜು ತಟ್ಟಿದಳು. ಪಾದರಸ ನೂರ ಇಪ್ಪತ್ತು ಮುಟ್ಟಿದಾಗ ಅಷ್ಟು ಸದ್ದಿಗೆ ಮಾತ್ರ ಅನುಮತಿ. ಮುಂದಿನದು ಮೌನ. ಇಬ್ಬರೂ ತಮಗೆ ಕಂಡದ್ದನ್ನು ಬೇರೆಬೇರೆ ಚೀಟಿಯಲ್ಲಿ ಬರೆಯಬೇಕು, ಚೀಟಿ ಬದಲಾಯಿಸಿಕೊಂಡು ಒಬ್ಬರದನ್ನು ಇನ್ನೊಬ್ಬರು ಜೋರಾಗಿ ಓದಬೇಕು. ಇದು ಹಾಸೆಲ್‌ಬ್ರಿಂಗ್ ಅವರೇ ಮಾಡಿದ ಕಟ್ಟಳೆ. ನಾಡಿನ ಅರ್ಧ ಪ್ರಯೋಗಾಲಯಗಳು ಇದನ್ನು ಕಲಿತದ್ದು ಅವರಿಂದಲೇ. ಈಚೆಗೆ ಎದುರಿನವರ ಚೀಟಿಯ ದಪ್ಪ ಅಂಕಿಯನ್ನು ಅವರು ಓರೆಗಣ್ಣಿನಿಂದ ಹೇಗೋ ಓದಿಬಿಡುತ್ತಿದ್ದರು.

ಅವರು ಬಗ್ಗಿ ಭೂತಗನ್ನಡಿಗೆ ಕಣ್ಣು ಹಚ್ಚಿದರು. ಬೂದಿ. ಗೋಡೆಯ ಗಡಿಯಾರ ಟಿಕ್ಕೆನ್ನುತ್ತಿತ್ತು. ಉರಿಯನ್ನು ಅವರ ಬೆರಳು ಚೆನ್ನಾಗಿ ಬಲ್ಲದು. ನಿಮಿಷಕ್ಕೆ ಮೂರು ಡಿಗ್ರಿ, ಕೂದಲೆಳೆಯಷ್ಟೂ ಹೆಚ್ಚಲ್ಲ. ಹದಿನಾಲ್ಕು ನಿಮಿಷ ದಾಟಬೇಕು. ಅಲ್ಲಿಯವರೆಗೆ ಏನೂ ಆಗಬಾರದು.

ಎರಡು ನಿಮಿಷ. ನಾಲ್ಕು. ಕಿಟಕಿಯಾಚೆ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಆರು.

ಏಳನೆಯ ನಿಮಿಷ ತುಂಬುವಾಗ ಪಕ್ಕದಲ್ಲಿ ಇರ್ಮೆಲಾಳ ಉಸಿರು ನಿಂತಿತು. ಎರಡು ಟಿಕ್ಕು, ಮೂರು ಟಿಕ್ಕು. ಆಮೇಲೆ ಅವಳು ಮೂಗಿನಿಂದ ಮೆಲ್ಲಗೆ ಗಾಳಿ ಬಿಟ್ಟಳು, ಕೇಳಿಸದಂತೆ, ಪಾಪ.

ಕೇಳಿಸಿತ್ತು. ನೂರ ಇಪ್ಪತ್ತರ ಮೇಲೆ ಇಪ್ಪತ್ತೊಂದು. ನೂರ ನಲವತ್ತೊಂದು. ಬೆರಕೆ ಕರಗಿಹೋಗಿತ್ತು.

ಹಾಸೆಲ್‌ಬ್ರಿಂಗ್ ಅವರಿಗೆ ಮೊದಲು ಬಂದದ್ದು ದುಃಖವಲ್ಲ, ಶುದ್ಧ ಭಯ. ಇಪ್ಪತ್ತೊಂಬತ್ತು ವರ್ಷ ಸಾವಿರಾರು ಮಕ್ಕಳಿಗೆ ಸುಳ್ಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದರು. ಉಳಿದೆರಡು ನಳಿಗೆ ಕರಗುವವರೆಗೂ ಕೂರಲೇಬೇಕಿತ್ತು. ಆ ಏಳು ನಿಮಿಷ ಅವರು ಹೇಗೆ ಕಳೆದರೆಂದು ಅವರಿಗೇ ಗೊತ್ತಾಗಲಿಲ್ಲ.

ಉರಿ ಆರಿಸಿದರು. ಅವಳ ಪೆನ್ಸಿಲು ಸರಸರ ಓಡಿ ನಿಂತಿತು. ಚೀಟಿ ಮಡಚಿದ ಸದ್ದೂ ಆಯಿತು. ಹುಡುಗಿ ಸತ್ಯವನ್ನೇ ಬರೆದಿದ್ದಾಳೆ, ಅದರಲ್ಲಿ ಅನುಮಾನವಿಲ್ಲ. ಅವಳ ನೌಕರಿ, ಮುಂದಿನ ಪೀಠ ಎಲ್ಲ ಪ್ರೊಫೆಸರರ ಒಂದು ಸಹಿಯ ಮೇಲಿದ್ದರೂ ಬರೆದಿದ್ದಾಳೆ.

ಈಗ ಅವರ ಸರದಿ. ನೂರ ಅರವತ್ತಮೂರು ಎಂದು ಬರೆಯಬಹುದಿತ್ತು. ‘ನಿಮ್ಮ ನಳಿಗೆಗೆ ತೇವ ತಾಗಿದೆ’ ಎಂದು ಒಂದು ಗದರಿಕೆ ಹಾಕಿದರೆ ಅವಳು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಅಷ್ಟರಲ್ಲಿ ಮೂರು ವರ್ಷ ಮುಗಿಯುತ್ತದೆ. ಛೀ ಅನ್ನಿಸಿತು.

ನೂರ ನಲವತ್ತೊಂದು ಎಂದೂ ಬರೆಯಬಹುದು. ಅದರಲ್ಲಿ ಮರ್ಯಾದೆಯಿತ್ತು. ಹಾಸೆಲ್‌ಬ್ರಿಂಗ್ ತನ್ನ ತಪ್ಪನ್ನು ತನ್ನ ಕಣ್ಣಿಂದಲೇ ಕಂಡು ಒಪ್ಪಿಕೊಂಡ ಎಂದು ಜನ ಕೊಂಡಾಡುತ್ತಾರೆ. ಪೆನ್ಸಿಲು ಆಗಲೇ ಒಂದು ಮತ್ತು ನಾಲ್ಕನ್ನು ಬರೆದಿತ್ತು.

ಅಲ್ಲಿಗೆ ಕೈ ನಿಂತಿತು. ತನ್ನ ಕಣ್ಣು ಎಲ್ಲಿ ಕಂಡಿತ್ತು? ಐವತ್ತೊಂದರಲ್ಲಿ ಒಬ್ಬ ವಿದ್ಯಾರ್ಥಿ ಥರ್ಮಾಮೀಟರು ಬಿಟ್ಟು ಪಕ್ಕದವನ ಮುಖ ನೋಡಿ ಸಂಖ್ಯೆ ಬರೆದಿದ್ದ. ಸಂಖ್ಯೆ ಸರಿಯಾಗಿಯೇ ಇತ್ತು. ಆದರೂ ಅವನನ್ನು ಹೊರಗೆ ಹಾಕಿದ್ದರು, ಅವನ ತಾಯಿ ಬಂದು ಅತ್ತರೂ ಕರಗದೆ.

ಬರೆದದ್ದನ್ನು ಗೀಚಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಪದ ಬರೆದು ಚೀಟಿ ಮುಂದೆ ತಳ್ಳಿದರು. ಅವಳದು ಅವರ ಕೈಗೆ ಬಂತು. ಅದನ್ನು ಬಿಚ್ಚದೆ ಹಿಡಿದುಕೊಂಡರು.

ಇರ್ಮೆಲಾ ಬಿಚ್ಚಿದಳು. ಜೋರಾಗಿ ಓದುವುದು ಕಟ್ಟಳೆ. ಅವಳ ದನಿ ಏಳಲೇ ಇಲ್ಲ. “ಕಾಣಲಿಲ್ಲ...” ಎಂದಳು. “ಹೆರ್ ಪ್ರೊಫೆಸರ್, ಇದೇನಿದು?”

“ಓದಿದ್ರಲ್ಲ.”

“ಇವತ್ತು ಕಾಣಲಿಲ್ವಾ?”

“ಅಕ್ಟೋಬರಿಂದ.”

ಅವಳು ಸ್ಟೂಲಿನಿಂದ ಎದ್ದಳು. “ಅಕ್ಟೋಬರಿಂದ ನೀವು ಸಹಿ ಹಾಕಿದ್ದು? ನೀವು ಓದಿದ್ದು?”

“ಹನ್ನೊಂದು ಪರೀಕ್ಷೆ. ಓದಿದ್ದಲ್ಲ, ಕೇಳಿಸ್ಕೊಂಡಿದ್ದು. ಪಕ್ಕದಲ್ಲಿ ಕೂತೋರ ಉಸಿರು ಕೇಳಿಸ್ಕೊಂಡು ಗಡಿಯಾರ ಎಣಿಸಿದ್ದು. ಸೋಮವಾರ ಡೀನ್ ಹತ್ರ ಹೋಗಿ ನಾನೇ ಹೇಳ್ತೀನಿ. ಹನ್ನೊಂದನ್ನೂ ಮತ್ತೆ ಮಾಡಿಸಬೇಕು.”

“ನಿಮ್ಮನ್ನ ಕುರ್ಚಿಯಿಂದ ಇಳಿಸ್ತಾರೆ.”

“ಇಳಿಸದೆ ಇದ್ರೆ ಅವರಿಗೆ ಬುದ್ಧಿ ಇಲ್ಲ ಅಂತರ್ಥ. ಲುಟ್‌ಮನ್‌ನ ಕರೀರಿ. ಹೊಸ ನಳಿಗೆ ತುಂಬಿ, ನೀವಿಬ್ಬರೂ ಕೂತು ನೋಡಿ. ಒಬ್ಬರು ಓದಿದ್ದು ಲೆಕ್ಕಕ್ಕಿಲ್ಲ.”

ಅವಳು ಕದಲಲಿಲ್ಲ. “ನಾನೇನು ಬರೆದಿದ್ದೀನಿ ಅಂತ ಕೇಳೋಲ್ವಾ?” ಅವರ ಕೈಯಲ್ಲಿದ್ದ ಚೀಟಿಯತ್ತ ಬೆರಳು ಮಾಡಿದಳು. “ನಿಮಗೆ ಗೊತ್ತು. ಅಲ್ವಾ? ಗೊತ್ತಿದ್ದೂ—”

“ಫ್ರಾಯ್ಲೈನ್ ಡಾಕ್ಟರ್, ಸಂಖ್ಯೆ ಬಾಯಿಗೆ ಬಂತೋ, ನಿಮ್ಮನ್ನೂ ಆಚೆ ಕಳಿಸ್ತೀನಿ.”

ಲುಟ್‌ಮನ್ ಮೀಸೆಯ ಮೇಲಿನ ಬ್ರೆಡ್ಡಿನ ಚೂರು ಒರೆಸಿಕೊಳ್ಳುತ್ತ ಬಂದ. ಪ್ರೊಫೆಸರರ ಸ್ಟೂಲಿನಲ್ಲಿ ಕೂರಲು ಹಿಂದೆಮುಂದೆ ನೋಡಿದ. ಕೂರಿ ಎಂದು ಅವರೇ ಕೈಮಾಡಿ, ಮಡಚಿದ ಚೀಟಿಯನ್ನು ಮೇಜಿನ ಮೇಲಿಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಮೊಗಸಾಲೆಯಲ್ಲಿ ಸೋಪಿನ ವಾಸನೆ. ನೆಲ ಒರೆಸುವ ಫ್ರೌ ಕ್ನೀಪ್ ಬಕೆಟ್ಟು ಸರಿಸಿ ಕೂಗಿದಳು. “ನಿಲ್ಲಿ, ಹೆರ್ ಪ್ರೊಫೆಸರ್! ಅಲ್ಲೆಲ್ಲ ಒದ್ದೆ. ನೋಡ್ಕೊಂಡು ಬನ್ನಿ.”

“ನನಗೆ ಸರಿಯಾಗಿ ಕಾಣೋಲ್ಲ, ಫ್ರೌ ಕ್ನೀಪ್,” ಎಂದರು. “ಸ್ವಲ್ಪ ಕೈ ಕೊಡ್ತೀರಾ?”

ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಮುಂದೆ ಚಾಚಿದಳು.