ಸೋಲುವ ತಾಲೀಮು

ಸಿದ್ದರಾಮನನ್ನು ನೆಲಕ್ಕೆ ಕೆಡವಬೇಕು, ಅದೂ ಹತ್ತು ಜನರ ಮುಂದೆ. ಅದಕ್ಕೆಂದೇ ನಾನು ಅಥಣಿ ರಸ್ತೆಯ ಉದ್ಯಾನದಲ್ಲಿ ನಡೆಯುವ ತೈ ಚಿ ಎಂಬ ಚೀನೀ ಕಸರತ್ತಿನ ತರಗತಿಗೆ ಸೇರಿದೆ. ಆರೋಗ್ಯ ಗೀರೋಗ್ಯ ಎಲ್ಲ ಬರೀ ನೆಪ.

ಹೋದ ವರ್ಷ ಸಾರವಾಡದಲ್ಲಿ ಬಸ್ಸು ಬಂದು ನಿಂತಾಗ ಅವನು ಕಿಟಕಿಯಿಂದ ಟವೆಲ್ ಒಳಗೆ ಎಸೆದು ಸೀಟು ಹಿಡಿದಿದ್ದ. ನನ್ನಪ್ಪ ಮರೆಪ್ಪ ಅದನ್ನು ನೋಡದೆ ಕೂತುಬಿಟ್ಟ. "ನನ್ನ ಟವೆಲ್ ಮ್ಯಾಲೆ ನಿಮ್ಮಂಥವರು ಕುಂಡ್ರೂದೇನಲೇ?" ಎಂದು ಸಿದ್ದರಾಮ ಅವನನ್ನು ಎಬ್ಬಿಸಿ, ಬಾಗಿಲ ತನಕ ಎಳೆದು ನೂಕಿದ. ಮೆಟ್ಟಿಲಿಂದ ಬಿದ್ದ ಅಪ್ಪನ ಸೊಂಟ ಮುರಿಯಿತು. ಕೇಳಿದವರಿಗೆಲ್ಲ ಸಿದ್ದರಾಮ ಹೇಳಿದ್ದು ಒಂದೇ, "ಮುದುಕ ಕುಡದಿದ್ದ, ಜಾರಿ ಬಿದ್ದ." ಜನ್ಮದಲ್ಲಿ ಹೆಂಡ ಮುಟ್ಟದವನು ನನ್ನಪ್ಪ! ಬಸ್ಸಿನಲ್ಲಿದ್ದವರ ಬಾಯಿಗೆ ಬೀಗ ಬಿತ್ತು. ಎಲುಬು ಹೇಗೋ ಕೂಡಿತು, ಕುಡುಕನೆಂಬ ಹೆಸರು ಮಾತ್ರ ಉಳಿಯಿತು.

ಬೆನ್ನುನೋವಿಗೆಂದು ಸಿದ್ದರಾಮ ದಿನಾ ಬೆಳಿಗ್ಗೆ ಈ ತರಗತಿಗೆ ಬರುತ್ತಿದ್ದ. ನಾನು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ಕಲಿಸುವ ಜೀನತ ಮೇಡಂ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿ, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನೂಕಾಡಿಸುತ್ತಿದ್ದರು. ಕಾಲು ಕದಲಿದವರು ಸೋತಂತೆ. ಸೋತವರು ಯಾಕೆ ಸೋತೆವೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದ ಮೇಲೆ ಗೆದ್ದವರು ಅವರಿಗೆ ಕೈ ಕೊಡಬೇಕು, ಬಿದ್ದಿದ್ದರೆ ಎಬ್ಬಿಸಬೇಕು.

ಐದು ವಾರ ನಾನೇ ಸೋತೆ. ಇದ್ದಬದ್ದ ಸಿಟ್ಟೆಲ್ಲ ಹಾಕಿ ನೂಕುತ್ತಿದ್ದೆ, ಅವನು ಚೂರು ಸರಿಯುತ್ತಿದ್ದ, ನಾನು ಮುಗ್ಗರಿಸುತ್ತಿದ್ದೆ. "ಸಿಟ್ಟಿಲೆ ನೂಕಿದೆ, ಸೋತೆ" ಎಂದು ಅವನ ನಗುಮುಖದೆದುರು ಒದರಬೇಕು.

"ವಿಶಾಖಾ, ಗೆಲ್ಲೂದು ಬಿಡು. ಮೊದಲು ಸೋಲೂದು ಕಲಿ. ಅವರು ನೂಕಿದಲ್ಲಿ ನೀ ಇರಬ್ಯಾಡ," ಎಂದರು ಮೇಡಂ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳಿದ್ದು ಬಾಳಲಿಕ್ಕಲ್ಲ. ಮೈ ಸಡಿಲ ಬಿಟ್ಟು ದಿನಾ ಸೋತೆ, ಒಂದೊಂದು ಸೋಲಿಗೂ ಅವನನ್ನು ಇಷ್ಟಿಷ್ಟು ಓದಿಕೊಂಡೆ. ನೂಕುವ ಮೊದಲು ಅವನ ಬಲಹೆಗಲು ಏಳುತ್ತದೆ, ಉಸಿರು ನಿಲ್ಲುತ್ತದೆ.

ಒಂದು ರವಿವಾರ ಅಪ್ಪನನ್ನು ಆಟೋದಲ್ಲಿ ಕರೆತಂದು ಪಕ್ಕದ ಬೆಂಚಿನ ಮೇಲೆ ಕೂರಿಸಿದೆ. ಸಿದ್ದರಾಮನ ಮುಖ ಕಪ್ಪಿಟ್ಟಿತು. "ಇವನ ಮಗಳೇನು ನೀ?" ಎಂದವನೇ ಮಣಿಕಟ್ಟು ತಾಗಿಸಿ ಹಲ್ಲು ಕಚ್ಚಿ ನೂಕಿದ. ಹೆಗಲು ಎದ್ದದ್ದು ಕಂಡಿತ್ತು. ನಾನು ಬರೀ ಹಾದಿ ಬಿಟ್ಟೆ. ಅವನು ಬೆಂಚಿನ ಮುಂದೆ ಬೋರಲು ಬಿದ್ದ. ಬೆನ್ನು ಹಿಡಿದುಕೊಂಡಿತು, ಏಳಲಾಗಲಿಲ್ಲ.

"ಕಾಲು ಜಾರಿತು," ಎಂದ.

"ಜಾರಿತು ಅನ್ನೂದು ಇಲ್ಲಿ ನಡೆಯೂದಿಲ್ರಿ," ಎಂದರು ಮೇಡಂ.

"ನಾ... ನೂಕಿದೆ."

"ಸಾರವಾಡದಾಗ?" ನಾನು ಕೇಳಿದೆ. ಎಲ್ಲರೂ ಸುತ್ತ ನೆರೆದಿದ್ದರು. ಅವನು ನರಳಿದ. ಹೇಳುವ ತನಕ ಕೈ ಕೊಡದವಳಂತೆ ನಾನು ಕೈ ಕಟ್ಟಿಕೊಂಡು ನಿಂತೆ. ಎಂಥ ಸುಖ ಅದು!

"ಅಲ್ಲೂ ನಾನಽ ನೂಕಿದೆ. ಅವ ಕುಡದಿರಲಿಲ್ಲ. ಕೈ ಕೊಡವಾ."

ನಾನು ಕೊಡಲಿಲ್ಲ. ಅಪ್ಪ ಬೆಂಚಿನಿಂದ ಬಾಗಿ ಅವನತ್ತ ಕೈ ಚಾಚಿದ. ಮೂರು ತಿಂಗಳು ಹಾಸಿಗೆ ಹಿಡಿದವನು ತನ್ನನ್ನು ಕೆಡವಿದವನನ್ನೇ ಎಬ್ಬಿಸುವುದೇ? ಆ ಕೈ ಹಿಡಿದು ಹಿಂದಕ್ಕೆಳೆದೆ.

"ಬಿಡು ಮಗಳ, ಕೈ ನೋಯಾಕತ್ತೈತಿ," ಎಂದ ಅಪ್ಪ.

ನಾನು ಬಿಡಲಿಲ್ಲ.