ಈಯುವ ಕಾಲಕ್ಕೆ ಆಳು ಬದಲಿಸಬಾರದು

ದೊಡ್ಡಾಸ್ಪತ್ರೆಗೆ ಮಾತ್ರ ಹೋಗುವುದಿಲ್ಲ ಎಂದು ಸೊಸೆ ಸ್ವಪ್ನ ಹಟ ಹಿಡಿದಾಗ ಪಾತಮ್ಮನಿಗೆ ಸಿಟ್ಟು ಬರಲಿಲ್ಲ. ಮೊದಲ ಹೆರಿಗೆಯನ್ನು ಅವಳೂ ಕಂಡಿದ್ದಳು. ಕಂಡಿದ್ದಳು ಅನ್ನುವುದೂ ತಪ್ಪೇ, ದೂರದೂರಿನ ಆ ಆಸ್ಪತ್ರೆಯ ಗೇಟಿನಾಚೆ ಕೂತು ಸೊಸೆ ಕೂಗುವುದನ್ನು ಕೇಳಿದ್ದಳು, ಅಷ್ಟೇ. ಪಾಳಿ ಬದಲಾದಂತೆಲ್ಲ ಹೊಸ ನರ್ಸು. ಒಬ್ಬೊಬ್ಬಳೂ ಬಂದು ಹೆಸರೇನು, ಎಷ್ಟನೇದು, ನೋವು ಯಾವಾಗ ಶುರುವಾಯಿತು ಎಂದು ಮೊದಲಿಂದ ಕೇಳುವುದು, ಮೊದಲಿಂದ ಪರೀಕ್ಷೆ ಮಾಡುವುದು. ಬೈದವರಿಲ್ಲ, ಹೊಡೆದವರಿಲ್ಲ. ಆದರೆ ಸ್ವಪ್ನ ನೋವಿನಲ್ಲಿ ಹಿಡಿದುಕೊಂಡ ಕೈ ಸ್ವಲ್ಪ ಹೊತ್ತಿಗೆಲ್ಲ ಡ್ಯೂಟಿ ಮುಗಿಸಿ ಮನೆಗೆ ಹೋಗಿಬಿಡುತ್ತಿತ್ತು. ಮಗು ಚೆನ್ನಾಗಿಯೇ ಹುಟ್ಟಿತು. ತಾಯಿ ಮಾತ್ರ ಬಹಳ ಕಾಲ ನಿದ್ದೆಯಲ್ಲಿ ಬೆಚ್ಚುತ್ತಿದ್ದಳು.

ಪಾತಮ್ಮನ ಹೆರಿಗೆಗಳ ಕತೆಯೇ ಬೇರೆ. ಅವಳ ಕಾಲಕ್ಕೆ ಹೆರುವವಳು ಸೂತಕವೆಂದು ಹಟ್ಟಿಯ ಬೇಲಿಯಾಚೆಯ ಗುಡಿಸಲಲ್ಲೇ ಇರಬೇಕು. ಚಳಿ, ಗಾಳಿ, ಹುಳಹುಪ್ಪಟೆ ಯಾವುದಕ್ಕೂ ಅಡ್ಡಿಯಿಲ್ಲ. ಆ ಪಾಡನ್ನು ಅವಳು ಹಗೆಯ ಮಗಳಿಗೂ ಬಯಸಳು. ಆದರೂ ಅಲ್ಲಿ ಬೆನ್ನಿಗೆ ಒರಗು ಕೊಟ್ಟು ಕೂತ ಹಟ್ಟಿಯ ಸೂಲಗಿತ್ತಿ ಚಿಕ್ಕಕ್ಕ, ಕೂಸು ಕೈಗೆ ಬರುವವರೆಗೆ ಎದ್ದು ಹೋದವಳಲ್ಲ. ಗುಡಿಸಲಲ್ಲಿ ಕೈ ಪರಿಚಯದ್ದು, ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ಔಷಧಿ ಇದೆ, ಕೈ ಯಾರದೋ. ಎರಡೂ ಒಂದೇ ಕಡೆ ಸಿಗಬಾರದು ಅಂತ ಯಾವ ದೇವರು ಬರೆದಿಟ್ಟಿದ್ದಾನೆ?

ಈ ಸಲ ಸಿಕ್ಕಿತ್ತು. ನನ್ನಿವಾಳದ ಕಡೆಯ ಆ ಹಟ್ಟಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಬಸ್ಸುಮ್ ಬಂದಿದ್ದಳು. ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡುವ ಬುಡೇನ್ ಸಾಬರ ಮಗಳು. ನರ್ಸ್ ಓದಿ, ಹೆರಿಗೆ ಮಾಡಿಸುವುದಕ್ಕೆಂದೇ ಆಮೇಲೆ ಬೇರೆ ತರಬೇತಿ ಪಡೆದವಳು. ಮೊದಲ ದಿನವೇ ಅವಳು ಸ್ಕೂಟರ್ ನಿಲ್ಲಿಸಿ ಸ್ವಪ್ನಳ ಪಕ್ಕ ಜಗಲಿಯ ಮೇಲೆ ಕೂತು, ಹೋದ ಸಲ ಏನೇನಾಯಿತು ಎಂದು ಕೇಳಿದಳು. ಸ್ವಪ್ನ ಹೇಳಿ ಮುಗಿಸುವವರೆಗೆ ಬಾಯಿ ಹಾಕಲಿಲ್ಲ. ಕೊನೆಗೆ ಅಂದಳು:

"ಎಲ್ಲ ಸರಿಯಿದ್ರೆ ನಮ್ ಸೆಂಟರಲ್ಲೇ ಹೆರಬೌದು. ದೊಡ್ಡಾಸ್ಪತ್ರೆನೇ ಬೇಕು ಅನ್ಸಿದ್ರೆ ಅಲ್ಲಿಗೇ ಹೋಗು. ಎಲ್ಲಿ ಅನ್ನೋದು ನಿನಗೆ ಬಿಟ್ಟಿದ್ದು. ಏನಾದ್ರೂ ಹೆಚ್ಚುಕಮ್ಮಿ ಕಂಡ್ರೆ ಮಾತ್ರ ನಾನು ಹೇಳ್ದಂಗೆ ಕೇಳ್ಬೇಕು. ಆಗ ಆಂಬುಲೆನ್ಸಲ್ಲಿ ನಿನ್ ಜೊತೆ ನಾನೇ ಬರ್ತೀನಿ."

ಸ್ವಪ್ನ ಸೆಂಟರನ್ನೇ ಆರಿಸಿಕೊಂಡಳು. ಅಲ್ಲಿಂದ ಪ್ರತಿ ತಪಾಸಣೆಗೂ ತಬಸ್ಸುಮಳೇ. ಹೊಟ್ಟೆ ಬೆಳೆದಂತೆ ಸೊಸೆಯ ಮುಖವೂ ಅರಳುತ್ತಾ ಬಂತು. ದಿನ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ತಬಸ್ಸುಮ್ ಸಪ್ಪೆ ಮುಖ ಹೊತ್ತು ಬಂದಳು. ಸರದಿಯ ಪ್ರಕಾರ ಅವಳನ್ನು ಮೊಳಕಾಲ್ಮೂರಿನ ಕಡೆಯ ಕೇಂದ್ರಕ್ಕೆ ಹಾಕಿದ್ದಾರೆ, ಅಲ್ಲಿರುವ ಹೀನಾ ಇಲ್ಲಿಗೆ ಬರುತ್ತಾಳೆ, ಬರುವ ಸೋಮವಾರದಿಂದಲೇ.

ಸ್ವಪ್ನ ಅಳಲಿಲ್ಲ. "ಹಂಗಾದ್ರೆ ಎಲ್ಲಾದ್ರೇನು ಬಿಡತ್ತೆ, ದೊಡ್ಡಾಸ್ಪತ್ರೆಗೇ ಹಾಕ್ರಿ" ಎಂದು ಒಳಗೆ ಹೋದಳು. ಆ 'ಎಲ್ಲಾದ್ರೇನು' ಪಾತಮ್ಮನಿಗೆ ಜಾಲಿಮುಳ್ಳು ಚುಚ್ಚಿದಂತಾಯಿತು. ನಾಳೆಯೇ ಚಳ್ಳಕೆರೆಗೆ ಹೋಗಿ ಅಧಿಕಾರಿಯನ್ನು ಕಾಣುತ್ತೇನೆ ಎಂದಳು. ಗಂಡ ಮೂಡಲಗಿರಿಯಪ್ಪ ಬೀಡಿ ಕೆಳಗಿಟ್ಟು ನಕ್ಕ.

"ಸರ್ಕಾರದ ಆರ್ಡರ್ ಅಂದ್ರೆ ನಿನ್ ಕುರಿ ದೊಡ್ಡಿ ಅಂದ್ಕೊಂಡೀಯೇನೇ?"

"ಕುರಿ ದೊಡ್ಡೀಲಿರೋವಷ್ಟು ನ್ಯಾಯನಾದ್ರೂ ಅಲ್ಲಿರ್ಲಿ ಅಂತ ಹೊಂಟೀನಿ. ನೀನೂ ಎದ್ದು ಬಾ."

ಮಗ ರಾಜಣ್ಣ ಮಂದೆಯ ಹಿಂದೆ ಹೋಗಿದ್ದರಿಂದ ಮೂಡಲಗಿರಿಯಪ್ಪನೇ ಗೊಣಗುತ್ತ ಬಸ್ಸು ಹತ್ತಬೇಕಾಯಿತು.

ನರ್ಸುಗಳ ಸರದಿ ನೋಡುವ ಡಾಕ್ಟರ್ ಹನುಮಂತರಾಯ ಕೆಟ್ಟವನೇನಲ್ಲ. ಇಬ್ಬರನ್ನೂ ಕೂರಿಸಿ ಸಮಾಧಾನವಾಗಿ ವಿವರಿಸಿದ. ಒಬ್ಬರನ್ನೇ ಒಂದು ಮೂಲೆಗೆ ಕಟ್ಟಿಹಾಕಬಾರದೆಂದೇ ಸರದಿ ಮಾಡಿದ್ದು, ಎಲ್ಲರದೂ ಒಂದೇ ಓದು, ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವರು ಹೆರಿಗೆ ಮಾಡಿಸುತ್ತಾರೆ, ಹೀನಾ ಕೂಡ ಒಳ್ಳೆಯ ಹುಡುಗಿ ಎಂದ.

"ಒಳ್ಳೇಳೇ ಇರ್ಬೌದು ಸಾ" ಎಂದಳು ಪಾತಮ್ಮ. "ನಮ್ ಕಡೆ ಒಂದು ಕಟ್ಟು ಐತೆ. ಕುರಿ ಈಯೋ ಕಾಲಕ್ಕೆ ಕಾಯೋ ಆಳ್ನ ಬದಲಿಸ್ಬಾರ್ದು. ವರ್ಷದ ಕರಾರು ಮುಗುದ್ರೂ ಅಷ್ಟೇ, ಜಗಳ ಆದ್ರೂ ಅಷ್ಟೇ. ಮಂದೆ ಈದು ಮುಗ್ಯಾವರ್ಗೂ ಅವ್ನು ಬಿಟ್ಟು ಹೋಗಂಗಿಲ್ಲ, ನಾವು ಬಿಡ್ಸಂಗಿಲ್ಲ."

ಹನುಮಂತರಾಯ ಪೆನ್ನು ಕೆಳಗಿಟ್ಟ. ಪಾತಮ್ಮ ಗಂಡನ ಕಡೆ ಕೈ ತೋರಿಸಿ ಮುಂದುವರಿಸಿದಳು. ಈ ಮಹಾನುಭಾವ ಒಂದು ವರ್ಷ ಈಯುವ ಕಾಲದಲ್ಲೇ ಹಳೇ ಆಳು ಕ್ಯಾತಣ್ಣನ ಜೊತೆ ಜಗಳ ಕಾದು, ಅವನನ್ನು ಓಡಿಸಿ ಹೊಸಬನನ್ನು ತಂದ. ನೋವು ತಿನ್ನುವ ಕುರಿಗಳು ಹೊಸಬ ಹತ್ತಿರ ಬಂದರೆ ಸಾಕು, ಅರ್ಧ ಈದದ್ದನ್ನೂ ನೋಡದೆ ಎದ್ದು ಓಡುತ್ತಿದ್ದವು.

"ಹೊಸಬ ದಡ್ಡ ಅಲ್ಲ ಸಾ. ಅವ್ನಿಗೆ ಕುರಿ ಚೆನ್ನಾಗಿ ಗೊತ್ತಿತ್ತು. ಕುರಿಗೆ ಅವ್ನು ಗೊತ್ತಿರ್ಲಿಲ್ಲ."

ಪಕ್ಕದ ಮೇಜಿನ ಗುಮಾಸ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮೂಡಲಗಿರಿಯಪ್ಪ ತಲೆಯೆತ್ತಿ ಫ್ಯಾನು ನೋಡತೊಡಗಿದ. ಆಮೇಲೇನಾಯಿತು ಎಂದು ಹನುಮಂತರಾಯ ಕೇಳಿದ.

"ಇನ್ನೇನಾಗ್ತೈತೆ? ಈವಯ್ಯನೇ ಹೋಗಿ ಕ್ಯಾತಣ್ಣನ ಕೈಕಾಲು ಹಿಡ್ದು ಕರ್ಕೊಂಡು ಬಂದ."

ಹನುಮಂತರಾಯನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮಾತ್ರ ಗಂಭೀರವಾಗಿಯೇ ಕೇಳಿದ: ತಬಸ್ಸುಮಳನ್ನು ನಿಮಗೇ ಬಿಟ್ಟರೆ ಮೊಳಕಾಲ್ಮೂರಿನ ಕಡೆಯ ಬಸುರಿಯರ ಗತಿ ಏನು? ಪಾತಮ್ಮ ಇದನ್ನು ಯೋಚಿಸಿಯೇ ಇರಲಿಲ್ಲ. ಅಲ್ಲೂ ಯಾವುದೋ ಮನೆಯಲ್ಲಿ ಇನ್ನೊಬ್ಬ ಸ್ವಪ್ನ 'ಎಲ್ಲಾದ್ರೇನು ಬಿಡತ್ತೆ' ಎಂದು ಒಳಗೆ ಹೋಗಿರಬೇಕು ಎಂದು ಹೊಳೆದಾಗ ಅವಳಿಗೆ ಮಾತು ಸಿಕ್ಕಿತು.

"ಅವ್ರು ಹೀನಾನ್ನ ನಂಬ್ಕೊಂಡಿರ್ತಾರಲ್ಲ ಸಾ? ಅವಳ್ನ ಅವ್ರಿಗೆ ಬಿಡ್ರಿ, ಇವಳ್ನ ನಮಗೆ ಬಿಡ್ರಿ. ಇನ್ ಮುಂದೆ ಬಸುರಾಗೋರ್ನ ಯಾರಿಗೆ ಹಂಚ್ತೀರೋ ಅದು ನಿಮಗೆ ಸೇರಿದ್ದು. ಹಿಡ್ದ ಕೈನ ಮಾತ್ರ ನಡುವೆ ಬಿಡಿಸ್ಬ್ಯಾಡ್ರಿ."

ಹನುಮಂತರಾಯ ಅಲ್ಲಿಂದಲೇ ಹೀನಾಗೆ ಫೋನ್ ಮಾಡಿದ. ಅವನು ಪೂರ್ತಿ ಹೇಳುವ ಮೊದಲೇ ಆ ಕಡೆಯಿಂದ ಹುಡುಗಿ, ನಾನೇ ಕೇಳೋಣ ಅಂತಿದ್ದೆ, ಧೈರ್ಯ ಬರಲಿಲ್ಲ ಸಾರ್ ಎಂದದ್ದು ಪಾತಮ್ಮನಿಗೂ ಕೇಳಿಸಿತು. ಮುಂದಿನ ಫೋನಿನಲ್ಲಿ ತಬಸ್ಸುಮಳದೂ ಅದೇ ಮಾತು. ಸರದಿ ಅಲ್ಲಿಗೆ ನಿಂತಿತು. ಯಾವ ನರ್ಸು ಯಾವ ಬಸುರಿಯನ್ನು ಮೊದಲಿಂದ ನೋಡಿದ್ದಾಳೋ ಅವಳೇ ಹೆರಿಗೆಗೂ ಬರಬೇಕು. ರಜೆಯಲ್ಲಿದ್ದರೂ ಕರೆ ಬಂದರೆ ಬಂದು, ಆ ರಜೆಯನ್ನು ಆಮೇಲೆ ತೆಗೆದುಕೊಳ್ಳಬೇಕು. ಮಾಡಿ ನೋಡೋಣ ಎಂದ ಹನುಮಂತರಾಯ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಪಾತಮ್ಮನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೂಡಲಗಿರಿಯಪ್ಪ ಹಿಂದೆ ಹಿಂದೆ ಬರುತ್ತ, ಕ್ಯಾತಣ್ಣನ ಸುದ್ದಿ ಅಲ್ಲಿ ಎತ್ತಬೇಕಿತ್ತೇ ಎಂದು ದಾರಿಯುದ್ದಕ್ಕೂ ವಟಗುಟ್ಟಿದ.

ಸ್ವಪ್ನಳಿಗೆ ನೋವು ಶುರುವಾದ ದಿನ ತಬಸ್ಸುಮಳಿಗೆ ರಜೆ. ಆದರೂ ಇವರು ಸೆಂಟರ್ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಅವಳ ಸ್ಕೂಟರ್ ನಿಂತಿತ್ತು. ಹೆಸರೇನು, ಎಷ್ಟನೇದು ಎಂದು ಯಾರೂ ಕೇಳಲಿಲ್ಲ. ಎಲ್ಲಿ ಕೂರ್ತೀಯಾ ಎಂದಷ್ಟೇ ತಬಸ್ಸುಮ್ ಕೇಳಿದಳು. ಸ್ವಪ್ನ ಮಂಚ ಬೇಡವೆಂದಳು. ನೆಲಕ್ಕೆ ಹಾಸಿಗೆ ಹಾಸಿ, ಅತ್ತೆಯ ಎದೆಗೆ ಸೊಸೆಯನ್ನು ಒರಗಿಸಿದರು. ಹೊರಗೆ ಡ್ರೈವರ್ ಬಾಲರಾಜ್ ಆಂಬುಲೆನ್ಸನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿಕೊಂಡಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ನೋವು ಯಾಕೋ ಮಂದವಾಯಿತು. ಸ್ವಪ್ನಳ ಕಣ್ಣಿಗೆ ಹಳೆಯ ಹೆದರಿಕೆ ಬಂತು. ತನ್ನ ಕೈಲಾಗುವುದಿಲ್ಲ ಎಂದು ತಲೆ ಆಡಿಸಿದಳು. ತಬಸ್ಸುಮ್ ಹೊಟ್ಟೆಗೆ ಯಂತ್ರ ಇಟ್ಟು ಕೂಸಿನ ಎದೆಬಡಿತವನ್ನು ಇಬ್ಬರಿಗೂ ಕೇಳಿಸಿದಳು. ಒಮ್ಮೆ ಕೇಳಿಸಿ, ಸ್ವಲ್ಪ ತಾಳಿ, ಮತ್ತೆ ಕೇಳಿಸಿದಳು.

"ಕೂಸು ಗಟ್ಟಿಯಾಗೈತೆ, ನೀನೂ ಗಟ್ಟಿಯಾಗಿದೀಯಾ. ಸುಸ್ತಾಗೈತೆ ಅಷ್ಟೇ. ದೊಡ್ಡಾಸ್ಪತ್ರೆಗೆ ಹೋಗಾಣ ಅಂದ್ರೆ ಈಗ್ಲೇ ಹೋಗಾಣ. ಏನಂತೀಯಾ?"

"ನೀವು ಇರ್ತೀರಾ?"

"ಎಲ್ಲಿದ್ರೂ ಇರ್ತೀನಿ."

"ಹಂಗಾದ್ರೆ ಇಲ್ಲೇ" ಎಂದಳು ಸ್ವಪ್ನ.

ಒಂದು ಲೋಟ ಬೆಲ್ಲದ ನೀರು ಕುಡಿಸಿ, ಎಬ್ಬಿಸಿ ಕೋಣೆಯಲ್ಲೇ ನಡೆದಾಡಿಸಿದರು. ಅತ್ತೆಯ ಹೆಗಲಿಗೆ ಒಂದು ಕೈ, ನರ್ಸಿನ ಹೆಗಲಿಗೆ ಒಂದು ಕೈ. ನೋವು ಮತ್ತೆ ಬಂತು, ಈ ಸಲ ಹೊಳೆ ಬಂದಂತೆ ಬಂತು. ಸ್ವಪ್ನ ಕೂಗಿದಳು, ಆದರೆ ಗೇಟಿನಾಚೆ ಕೇಳಿದ ಕೂಗಲ್ಲ ಅದು. ಭಾರ ಎತ್ತುವವರು ದಮ್ಮು ಕಟ್ಟಿ ಹಾಕುವ ಕೂಗು. ಕೂಸಿನ ತಲೆ ಬಂದಾಗ ತಬಸ್ಸುಮ್ ಅವಳ ಕೈ ಹಿಡಿದು ಮುಟ್ಟಿಸಿದಳು. ಮೈ ಹೊರಬರುತ್ತಲೇ ಕೂಸನ್ನು ಸ್ವಪ್ನಳೇ ಬಾಗಿ ಬಾಚಿಕೊಂಡಳು. ಹೆಣ್ಣು ಕೂಸು, ಹಟ್ಟಿಗೆಲ್ಲ ಕೇಳುವಂಥ ಗಂಟಲು.

ಮರುದಿನ ಬೆಳಿಗ್ಗೆ ಹಟ್ಟಿಯ ಹೆಂಗಸರು ಕೂಸು ನೋಡಲು ಬಂದು ಕೋಣೆ ತುಂಬಿದರು. ಅವರ ಹಿಂದೆ ನಿಂತಿದ್ದ ಎಳೇ ಬಸುರಿಯೊಬ್ಬಳು ನಾಚುತ್ತ, ತನಗೂ ಕೊನೆವರೆಗೆ ಇವರೇನಾ ಎಂದು ಕೇಳಿದಳು. ತಬಸ್ಸುಮ್ ಹೂಂ ಎಂದು ಅವಳನ್ನು ಸ್ವಪ್ನಳ ಪಕ್ಕದಲ್ಲೇ ಕೂರಿಸಿದಳು. ಸ್ವಪ್ನ ಮುದ್ದೆ ಮುರಿಯುತ್ತ ಅವಳಿಗೆ ಎಲ್ಲವನ್ನೂ ಮೊದಲಿಂದ ಹೇಳತೊಡಗಿದಳು.

ಕಿಟಕಿಯಾಚೆ ಮೂಡಲಗಿರಿಯಪ್ಪನ ಗಂಟಲು ಜೋರಾಗಿತ್ತು.

"ಆಫೀಸರ್ ಏನ್ ಸುಮ್ನೆ ಒಪ್ಪಿದ್ನಾ ಅಂದ್ಕೊಂಡೀಯಾ ಬಾಲರಾಜ? ಎದುರಿಗೆ ಕೂತು ಸರಿಯಾಗಿ ತಿಳಿಸ್ದೆ ಕಣಲೇ."

ಎದ್ದು ಹೋಗಿ ಒಂದು ಮಾತು ಆಡಿ ಬರಬೇಕು ಅನ್ನಿಸಿತು ಪಾತಮ್ಮನಿಗೆ. ಮಡಿಲಲ್ಲಿ ಮೊಮ್ಮಗಳು ಮಲಗಿದ್ದಳು. ಕೂತಲ್ಲೇ ನಕ್ಕು, ಅವನಿಗೂ ಒಂದು ಪಾಲು ಇರಲಿ ಎಂದು ಬಿಟ್ಟಳು.