ಪೂಜೆಗೆ ಕೂತ ಪಿಸ್ತೂಲು

ಸಾಹೇಬರ ಕೋಣೆಯ ಗಾಜಿನ ಕಪಾಟು ಒರೆಸುತ್ತಿದ್ದೆ, ಹೊರಗಿನಿಂದ ಮಾತ್ರ. ಒಳಗೆ ಒಣಗಿದ ಚೆಂಡುಹೂವಿನ ಮಾಲೆ ಹಾಕಿಕೊಂಡು, ಕುಂಕುಮ ಹಚ್ಚಿಕೊಂಡು ಪಿಸ್ತೂಲು ಕುಳಿತಿತ್ತು.

ಅದು ಗುಂಡಿನ ಪಿಸ್ತೂಲಲ್ಲ. ಎಮ್ಮೆಯ ಹಣೆಗೆ ಒತ್ತಿ ಹಾರಿಸಿದರೆ ತೋಟಾದ ಮದ್ದಿನ ಬಲಕ್ಕೆ ಕಬ್ಬಿಣದ ಗೂಟವೊಂದು ಬಡಿದು ಒಳಸರಿಯುತ್ತದೆ; ಎಮ್ಮೆ ಎಚ್ಚರ ತಪ್ಪುತ್ತದೆ, ಕತ್ತಿ ತಾಗಿದ್ದು ಅದಕ್ಕೆ ತಿಳಿಯುವುದಿಲ್ಲ. ಎರಡು ವರ್ಷದ ಹಿಂದೆ ಅದು ನಮ್ಮ ಕಸಾಯಿಖಾನೆಗೆ ಬಂದಾಗ, ಇನ್ನು ಪ್ರಾಣಿಗೆ ನೋವಿಲ್ಲ, ಆಳಿಗೆ ಅಪಾಯವಿಲ್ಲ ಎಂದು ಭಾಷಣವಾಗಿತ್ತು. ಪಿಸ್ತೂಲಿಗಂತೂ ಈವರೆಗೆ ಒಂದು ಅಪಾಯವೂ ಆಗಿಲ್ಲ.

ಎಮ್ಮೆಗಳನ್ನು ಈಗಲೂ ಹಗ್ಗ ಹಾಕಿ ಕೆಡವುವವರು ನಾಲ್ವರು. ಅವರಲ್ಲಿ ನನ್ನ ಗಂಡ ಬಂಡೆಪ್ಪ ಒಬ್ಬ. ಹೋದ ತಿಂಗಳು ಕೋಡು ತಿವಿದು ಅವನ ಎರಡು ಪಕ್ಕೆಲುಬು ಮುರಿದವು. ಸೋಮವಾರ ಮತ್ತೆ ಹಗ್ಗ ಹಿಡಿಯಬೇಕು. ಪಿಸ್ತೂಲು ಹೊರಗೆ ತೆಗೆಯಿರಿ ಎಂದು ಕೇಳಿಕೊಂಡದ್ದಕ್ಕೆ ಸಾಹೇಬರು, "ತೋಟಾ ಕಳಿಸಿ, ಕಲಿಸುವವರನ್ನು ಕಳಿಸಿ ಅಂತ ಆಗಲೇ ಬರೆದಿದ್ದೇವೆ ಬಾಯಿ, ಮೇಲಿನವರು ಉತ್ತರ ಕೊಡಲಿಲ್ಲ. ತಾಳ್ಮೆ ಬೇಕು," ಎಂದರು. ನಲವತ್ತೈದನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಮರಾಠಿ ಅಕ್ಷರ ಕಲಿತವಳಿಗೆ ತಾಳ್ಮೆಯ ಪಾಠ!

ಅಂದು ಗಾಜು ಚೆನ್ನಾಗಿ ಬೆಳಗಿತೋ ಏನೋ, ಪಿಸ್ತೂಲಿನ ಕೆಳಗೆ ಲಕೋಟೆಯ ಅಂಚು ಕಂಡಿತು. ಅದರ ಮೇಲೆ ಮರಾಠಿಯಲ್ಲಿ 'ತಾತಡೀಚೆ' ಎಂದಿತ್ತು. ತುರ್ತು.

ಕಪಾಟಿನ ಬಾಗಿಲಿಗೆ ಕೈ ಹಾಕಿದೆ.

"ಏ ಅಕ್ಕಾ, ಕೈ ತಗಿ!" ಪ್ಯೂನ್ ಧರ್ಮಣ್ಣ ಕೂಗಿದ. "ಅದು ಕ್ಲಾರ್ಕ್ ಸಿದ್ದಲಿಂಗಪ್ಪನವರು ಖಂಡೆ ನವಮಿಗೆ ಇಟ್ಟ ಆಯುಧ ಪೂಜಿ. ಇಟ್ಟವರೇ ಕದಲಸಬೇಕು."

"ಅವರು ವರ್ಗ ಆಗಿ ಮುಲುಂಡಕ್ಕ ಹೋಗಿ ಎರಡು ವರ್ಷಾತು."

"ಮುಲುಂಡ ಏನ್ ಕಾಶಿನಾ? ಒಂದಿನ ಲೋಕಲ್ ರೈಲು ಹತ್ತಿ ಬಂದಾರು."

"ಈ ಕಾಗದ ಯಾಕ ಇಟ್ಟಾರ?"

"ಕಟಗರಿಗೆ ಕತ್ತಿ, ಕ್ಲಾರ್ಕಿಗೆ ಕಾಗದ. ತೋಟಾ ಬೇಕಂತ ಅವತ್ತು ಬರೆದಿದ್ದ ಕಾಗದಾನೂ ಪೂಜಿಗೆ ಇಟ್ರು. ಮರುದಿನಾನ ವರ್ಗದ ಆರ್ಡರ್ ಬಂತು."

ಹೀಗೆ ಮೇಲಿನವರು ಉತ್ತರ ಕೊಡದ ಪತ್ರ ಪಿಸ್ತೂಲಿನ ಕೆಳಗೇ ಕುಂಕುಮ ಹಚ್ಚಿಸಿಕೊಂಡು ಮಲಗಿತ್ತು.

ಕೈ ಮುಗಿದು ಪಿಸ್ತೂಲನ್ನು ಒಂದು ಬೆರಳಷ್ಟು ಕದಲಿಸಿದೆ. ಪೂಜೆ ಮುಗಿಯಿತು. ಲಕೋಟೆ ಎಳೆದುಕೊಂಡೆ.

"ಪಾಪ ಹತ್ತತೈತಿ ನೋಡು!"

"ಹತ್ತಲಿ ಬಿಡೋ. ಕೋಡು ಹತ್ತಿದ್ದು ನಮ್ಮ ಮನಿಯವರಿಗೆ, ಸಿದ್ದಲಿಂಗಪ್ಪನವರಿಗಲ್ಲ."

ಧರ್ಮಣ್ಣ ಹಿಂದೆಯೇ ಬಂದ. "ಹೋಗಲಿ, ಆ ಕುಂಕುಮನಾದ್ರೂ ಒರಸು. ಮ್ಯಾಲಿನವರು ಏನಂದಾರು?"

"ಇರಲಿ. ಎರಡು ವರ್ಷ ಎಲ್ಲಿತ್ತು ಅಂತ ಅವರಿಗೂ ತಿಳೀಲಿ."

ಸ್ಟಾಂಪು ಮೊದಲೇ ಅಂಟಿಸಿತ್ತು. ಸ್ಟೇಷನ್ನಿನ ಕೆಂಪು ಡಬ್ಬಿಯ ಬಾಯಲ್ಲಿ ಲಕೋಟೆ ತುರುಕಿ, ಒಳಗೆ ಬಿದ್ದ ಸದ್ದು ಕೇಳುವವರೆಗೆ ಅಲ್ಲೇ ನಿಂತೆ.